ಕಪ್ಪತಗುಡ್ಡದ ಕಷಾಯ, ಹುಬ್ಬಳ್ಳಿಯ ಕಿಮೋ: ಎರಡೂ ಒಟ್ಟಿಗೆ ನಡೆಯುತ್ತವೆಯೇ?

ಪ್ರಶ್ನೆ: ನಮ್ಮ ಅವ್ವನಿಗೆ 54 ವರ್ಷ. ಎಡ ಸ್ತನದ ಕ್ಯಾನ್ಸರ್. ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ, ಮೂರು ವಾರಕ್ಕೊಮ್ಮೆ ಕೊಡುವ ಕೆಂಪು ಕಿಮೋ ನಾಲ್ಕು ಸಲ ಮುಗಿದಿದೆ. ಈಗ ವಾರಕ್ಕೊಂದರಂತೆ ಪ್ಯಾಕ್ಲಿಟ್ಯಾಕ್ಸೆಲ್ ನಡೆದಿದೆ, ಹನ್ನೆರಡರಲ್ಲಿ ಐದು ಆಗಿವೆ. ರಿಪೋರ್ಟಿನಲ್ಲಿ ಇಆರ್ ಪಾಸಿಟಿವ್ ಎಂದಿದೆ. ಕೈಬೆರಳು ಜೋಮು ಹಿಡಿದು ರೊಟ್ಟಿ ಬಡಿಯಲು ಆಗುತ್ತಿಲ್ಲ, ‘ಈ ವಿಷ ಸಾಕು’ ಅನ್ನುತ್ತಾಳೆ. ನಮ್ಮ ಕಡೆಯ ಒಬ್ಬರು ಕಪ್ಪತಗುಡ್ಡದ ಬೇರು, ಅಮೃತಬಳ್ಳಿ, ಲಕ್ಷ್ಮಣಫಲದ ಎಲೆ, ಕಾಳುಮೆಣಸು ಸೇರಿಸಿದ ಕಷಾಯದ ಪುಡಿ ಕೊಡುತ್ತಾರೆ, ತಿಂಗಳಿಗೆ ಎಂಟು ಸಾವಿರ ರೂಪಾಯಿ. ಜೊತೆಗೆ ಅರಿಷಿಣದ ಕ್ಯಾಪ್ಸೂಲ್. ಹನ್ನೆರಡು ದಿನದಿಂದ ಎರಡನ್ನೂ ಕೊಡುತ್ತಿದ್ದೇವೆ, ಡಾಕ್ಟರಿಗೆ ಹೇಳಿಲ್ಲ. ಮೊನ್ನೆ ಪೇಪರಿನಲ್ಲಿ, ಕಾಡುಗಿಡವೊಂದರ ರಸ 48 ತಾಸಿನಲ್ಲಿ ಸ್ತನ ಕ್ಯಾನ್ಸರಿನ ಕೋಶಗಳನ್ನು ಕೊಂದಿತೆಂದು ಸಂಶೋಧಕರು ಹೇಳಿದ್ದು ಬಂದಿತ್ತು. ಹಾಗಿದ್ದರೆ ಕಿಮೋ ಬಿಟ್ಟು ಗಿಡದ ಔಷಧಿಗೇ ಹೋಗಬಹುದೇ? ಎರಡನ್ನೂ ಒಟ್ಟಿಗೆ ನಡೆಸಿದರೆ ತೊಂದರೆ ಇದೆಯೇ? ಹಿತ್ತಲಲ್ಲಿ ನಿತ್ಯಪುಷ್ಪದ ಗಿಡವಿದೆ, ಅದರಿಂದಲೇ ಕ್ಯಾನ್ಸರ್ ಔಷಧಿ ಮಾಡುತ್ತಾರಂತೆ, ಹೌದೇ?
— ಮುಂಡರಗಿ ತಾಲೂಕಿನ ಓದುಗರು

ಉತ್ತರ: ಮೊದಲು ಮಾಡಬೇಕಾದದ್ದನ್ನು ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. ಕಷಾಯವನ್ನೂ ಅರಿಷಿಣದ ಕ್ಯಾಪ್ಸೂಲನ್ನೂ ಇವತ್ತೇ ನಿಲ್ಲಿಸಿ. ಕಿಮೋ ನಿಲ್ಲಿಸಬೇಡಿ. ಆರನೆಯ ಡೋಸಿಗೆ ಹೋದಾಗ, ಬಾಟಲಿ ಹಚ್ಚುವ ಮುಂಚೆ, ‘ಹನ್ನೆರಡು ದಿನ ಇಂಥದ್ದನ್ನು ಕೊಟ್ಟಿದ್ದೇವೆ’ ಎಂದು ಡಾಕ್ಟರಿಗೆ ಹೇಳಿ. ರಕ್ತಕಣಗಳ ಎಣಿಕೆಯ ಜೊತೆ ಲಿವರಿನ ಪರೀಕ್ಷೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಎರಡನ್ನೂ ಮಾಡಿಸಲು ಕೇಳಿ. ಅಷ್ಟರೊಳಗೆ ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಊಟ ಬೇಡವೆನಿಸಿ ವಾಂತಿ ಶುರುವಾದರೆ ಡೋಸಿನ ದಿನಕ್ಕೆ ಕಾಯದೆ ಹೋಗಿ. ಡಾಕ್ಟರು ಬೈಯಬಹುದು, ಬೈದರೂ ಹೇಳಿ. ಲಿವರು ಸರಿಯಿಲ್ಲದಾಗ ಪೂರ್ತಿ ಪ್ರಮಾಣದ ಪ್ಯಾಕ್ಲಿಟ್ಯಾಕ್ಸೆಲ್ ಹೋದರೆ ಅದರ ದುಷ್ಪರಿಣಾಮ ತೀವ್ರವಾಗುತ್ತದೆ. ಯಾಕೆಂದರೆ ಆ ಔಷಧಿಯನ್ನು ದೇಹದಿಂದ ಹೊರಹಾಕುವುದೇ ಲಿವರು.

ನಿಮ್ಮ ಪ್ರಶ್ನೆಯ ಒಳಗೆ ಒಂದು ನಂಬಿಕೆ ಇದೆ: ಒಂದು ಕಡೆ ಆಸ್ಪತ್ರೆಯ ವಿಷ, ಇನ್ನೊಂದು ಕಡೆ ಗಿಡದ ಔಷಧಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂಬುದು. ವಸ್ತುಸ್ಥಿತಿ ಹಾಗಿಲ್ಲ. ನಿಮ್ಮ ತಾಯಿಯವರ ಕೈಗೆ ವಾರಕ್ಕೊಮ್ಮೆ ಇಳಿಯುತ್ತಿರುವ ಪ್ಯಾಕ್ಲಿಟ್ಯಾಕ್ಸೆಲ್ ಗಿಡದ್ದೇ. ಅಮೆರಿಕದ ಪಶ್ಚಿಮ ಕರಾವಳಿಯ ಯೂ ಎಂಬ ಮರದ ತೊಗಟೆಯನ್ನು 1962ರಲ್ಲಿ ಸಂಗ್ರಹಿಸಿದರು. ಅದರೊಳಗಿನ ವಸ್ತುವಿನ ರಚನೆಯನ್ನು ಮನ್ಸುಖ್ ವಾಣಿ ಮತ್ತು ಮನ್ರೋ ವಾಲ್ 1971ರಲ್ಲಿ ಪ್ರಕಟಿಸಿದರು. ಅದು ಕೋಶದೊಳಗೆ ಏನು ಮಾಡುತ್ತದೆಂದು ಸೂಸಾನ್ ಹಾರ್ವಿಟ್ಜ್ 1979ರಲ್ಲಿ ತೋರಿಸಿದರು. ರೋಗಿಗಳಿಗೆ ಕೊಡಲು ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ತೊಗಟೆಯಿಂದ ಆಸ್ಪತ್ರೆಯ ಬಾಟಲಿಗೆ ಬರಲು ಮೂವತ್ತು ವರ್ಷ ಹಿಡಿಯಿತು. ಅದಕ್ಕೂ ಮೊದಲು ಕೊಟ್ಟ ಕೆಂಪು ಕಿಮೋ, ಅಂದರೆ ಡಾಕ್ಸೋರುಬಿಸಿನ್, ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಬಂದದ್ದು.

ನಿತ್ಯಪುಷ್ಪದ ವಿಷಯವೂ ನಿಜ. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಆ ಗಿಡವನ್ನು ಪರೀಕ್ಷೆಗೆ ತಂದದ್ದು ಸಕ್ಕರೆ ಕಾಯಿಲೆಗಾಗಿ. ಜಮೈಕಾದಲ್ಲಿ ಅದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ಇಲಿಗಳ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಬಿಳಿ ರಕ್ತಕಣ ಹೆಚ್ಚುವ ರಕ್ತದ ಕ್ಯಾನ್ಸರಿಗೆ ಇದು ಆಗಬಹುದೆಂಬ ಯೋಚನೆ ಅಲ್ಲಿಂದ ಹುಟ್ಟಿತು. ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಎರಡು ಔಷಧಿಗಳು ಬಂದವು. ಇವತ್ತಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಬೇಕೇ ಬೇಕು. ಆದರೆ ಒಂದು ಗ್ರಾಂ ವಿನ್‌ಕ್ರಿಸ್ಟಿನ್‌ಗೆ ಸುಮಾರು 500 ಕಿಲೋ ಒಣಗಿದ ಎಲೆ ಬೇಕಾಗುತ್ತಿತ್ತು. ದೊಡ್ಡವರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರಿ ಕೊಡುವುದಿಲ್ಲ, ಮೀರಿದರೆ ನರಗಳು ಕೆಡುತ್ತವೆ, ಕರುಳಿನ ಚಲನೆ ನಿಲ್ಲುತ್ತದೆ. 2 ಮಿಲಿಗ್ರಾಂ ಅಂದರೂ ಒಂದು ಕಿಲೋ ಒಣ ಎಲೆಯ ಸತ್ವ. ಹಿತ್ತಲ ಗಿಡದ ಹಿಡಿ ಎಲೆಯಲ್ಲಿ ಕ್ಯಾನ್ಸರಿಗೆ ಮುಟ್ಟುವಷ್ಟು ಔಷಧಿ ಇರುವುದಿಲ್ಲ. ಆದರೆ ಅದೇ ಎಲೆಯಲ್ಲಿ ಆಲ್ಕಲಾಯ್ಡುಗಳೆಂಬ ಪ್ರಬಲ ರಾಸಾಯನಿಕಗಳು ಬೇರೆ ನೂರಕ್ಕೂ ಹೆಚ್ಚಿವೆ, ಅವು ವಾಂತಿ ತರಿಸಲು, ರಕ್ತದೊತ್ತಡ ಇಳಿಸಲು ಸಾಕಾಗುತ್ತವೆ. ದಯವಿಟ್ಟು ಅದನ್ನು ಕೊಡಬೇಡಿ.

ನಮ್ಮ ಪಶ್ಚಿಮಘಟ್ಟದಲ್ಲೇ ಇನ್ನೊಂದು ಉದಾಹರಣೆಯಿದೆ. ದುರ್ವಾಸನೆ ಮರ ಎಂದು ಕರೆಯುವ, ಮಹಾರಾಷ್ಟ್ರದವರು ನರಕ್ಯಾ ಅನ್ನುವ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ಧಾರಾಳವಾಗಿದೆ ಎಂದು ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ವರದಿ ಮಾಡಿದರು. ಈ ವಸ್ತು ಮೊದಲು ಸಿಕ್ಕಿದ್ದು 1966ರಲ್ಲಿ, ಚೀನಾದ ಮರವೊಂದರಲ್ಲಿ. 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶದಿಂದ ರಕ್ತ ಬರತೊಡಗಿ ಪ್ರಯೋಗ ನಿಲ್ಲಿಸಬೇಕಾಯಿತು. ಗಿಡದಲ್ಲಿ ಇದ್ದದ್ದು ಇದ್ದಂತೆಯೇ ಮನುಷ್ಯರಿಗೆ ಆಗಿಬರಲಿಲ್ಲ. ಅದರ ರಚನೆಯನ್ನು ಅಲ್ಲಲ್ಲಿ ಬದಲಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಟೋಪೋಟೆಕಾನ್ ಮತ್ತು ಇರಿನೋಟೆಕಾನ್ ಎಂಬ ಔಷಧಿಗಳನ್ನು ತಂದರು, ಅಮೆರಿಕದಲ್ಲಿ ಅವುಗಳಿಗೆ 1996ರಲ್ಲಿ ಒಪ್ಪಿಗೆ ಸಿಕ್ಕಿತು. ಈಚೆ ನಮ್ಮ ನರಕ್ಯಾ ಮರವನ್ನು ಬೇಕಾಬಿಟ್ಟಿ ಕಡಿದು ಸಾಗಿಸಿ ಕಾಡಿನಲ್ಲಿ ಅದೇ ವಿರಳವಾಯಿತು, ಅದು ಬೇರೆಯೇ ಸಂಕಟ.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ‘ಗಿಡದಲ್ಲಿ ಔಷಧಿ ಇರುವುದನ್ನು ಡಾಕ್ಟರುಗಳು, ಕಂಪನಿಗಳು ಮುಚ್ಚಿಡುತ್ತಾರೆ’ ಎಂಬ ಮಾತು ನಮ್ಮ ಕಡೆ ಬಹಳ ಓಡುತ್ತದೆ. ಮುಚ್ಚಿಡುವುದಿರಲಿ, ಹುಡುಕಿ ಹುಡುಕಿ ತೆಗೆದಿದ್ದಾರೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೊಂದೇ 1960ರಿಂದ 1982ರವರೆಗೆ ಸುಮಾರು 35,000 ಸಸ್ಯಗಳಿಂದ 1,14,000ದಷ್ಟು ಸಾರಗಳನ್ನು ತೆಗೆದು ಪರೀಕ್ಷಿಸಿತು. ಅಷ್ಟರಲ್ಲಿ ರೋಗಿಯ ಹಾಸಿಗೆಯವರೆಗೆ ಬಂದು ನಿಂತವು ಬೆರಳೆಣಿಕೆಯಷ್ಟು. ಉಳಿದವು ಯಾಕೆ ಬೀಳುತ್ತವೆ ಎಂಬುದು ತಿಳಿದರೆ ನೀವು ಪೇಪರಿನಲ್ಲಿ ಓದಿದ ಸುದ್ದಿಯ ತೂಕವೂ ತಿಳಿಯುತ್ತದೆ.

ಆ ಸುದ್ದಿಯ ಹಿಂದಿನ ಪ್ರಯೋಗ ಸಾಮಾನ್ಯವಾಗಿ ಹೀಗಿರುತ್ತದೆ. ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿಮಾಡಿ, ಮೆಥನಾಲ್‌ನಂಥ ದ್ರಾವಣದಲ್ಲಿ ಸಾರ ಇಳಿಸಿ, ದ್ರಾವಣವನ್ನು ಆವಿಮಾಡಿ ಅಂಟಾದ ಉಳಿಕೆ ತೆಗೆಯುತ್ತಾರೆ. 96 ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯ ಪ್ರತಿ ಗುಳಿಯಲ್ಲಿ ಐದರಿಂದ ಹತ್ತು ಸಾವಿರ ಕ್ಯಾನ್ಸರ್ ಕೋಶಗಳನ್ನು ಬಿಡುತ್ತಾರೆ. ಸ್ತನ ಕ್ಯಾನ್ಸರಿಗೆ ಹೆಚ್ಚಾಗಿ ಎಂಸಿಎಫ್-7 ಎಂಬ, ದಶಕಗಳಿಂದ ಪ್ರಯೋಗಾಲಯಗಳಲ್ಲೇ ಬೆಳೆಯುತ್ತ ಬಂದ ಕೋಶಗಳು. ಸಾರವನ್ನು ಡಿಎಂಎಸ್‌ಒ ದ್ರವದಲ್ಲಿ ಕರಗಿಸಿ ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ, 48 ಅಥವಾ 72 ತಾಸು ಬಿಟ್ಟು, ಎಂಟಿಟಿ ಎಂಬ ಹಳದಿ ಪುಡಿಯ ದ್ರಾವಣ ಸೇರಿಸುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ನೇರಳೆ ಎಷ್ಟು ಕಡಿಮೆಯೋ ಅಷ್ಟು ಕೋಶ ಸತ್ತಿವೆ ಎಂದು ಲೆಕ್ಕ.

ಈ ಪ್ರಯೋಗ ಮಾಡಬೇಕಾದದ್ದೇ, ಮೊದಲ ಸೋಸುವಿಕೆ ಇಲ್ಲದೆ ಮುಂದೆ ಹೋಗಲಾಗದು. ಆದರೆ ದಾರಿ ತಪ್ಪುವ ಜಾಗಗಳು ಬಹಳ. ಡಿಎಂಎಸ್‌ಒ ಅರ್ಧ ಶೇಕಡಾ ಮೀರಿದರೆ ಅದೇ ಕೋಶಗಳಿಗೆ ಪೆಟ್ಟುಕೊಡಬಹುದು. ಗಿಡದ ಒಗರು ಪದಾರ್ಥಗಳು ಕೋಶದ ನೆರವಿಲ್ಲದೆ ತಾವೇ ಎಂಟಿಟಿಯನ್ನು ನೇರಳೆ ಮಾಡಿಬಿಡುತ್ತವೆ, ಆಗ ಲೆಕ್ಕ ತಲೆಕೆಳಗಾಗುತ್ತದೆ. ಸೀಗೆ, ಅಂಟುವಾಳದಲ್ಲಿ ಇರುವಂಥ ನೊರೆ ಬರಿಸುವ ಸಪೋನಿನ್‌ಗಳು ಯಾವ ಕೋಶದ ಪೊರೆಯನ್ನಾದರೂ ಒಡೆಯುತ್ತವೆ, ಅದು ಕ್ಯಾನ್ಸರ್ ಕೋಶವೇ ಆಗಬೇಕಿಲ್ಲ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ಪಕ್ಕದ ಗುಳಿಯಲ್ಲಿ ಆರೋಗ್ಯವಂತ ಕೋಶಗಳನ್ನೂ ಇಟ್ಟು ನೋಡಿದರೇ, ಅವು ಬದುಕಿದವೇ?

ಎರಡನೆಯ ಪ್ರಶ್ನೆ ಪ್ರಮಾಣದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಗಿಡದ ಸಾರದ ಎಷ್ಟೋ ವರದಿಗಳಲ್ಲಿ ಅರ್ಧದಷ್ಟು ಕೋಶ ಸಾಯಲು ಒಂದು ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಬೇಕಾಗಿರುತ್ತದೆ. ಇದನ್ನು ಮನುಷ್ಯರಿಗೆ ಲೆಕ್ಕ ಹಾಕಿ. ಒಂದು ಲೀಟರಿಗೆ 100 ಮಿಲಿಗ್ರಾಂ ಆಯಿತು. ದೇಹದ ನೀರಿನಂಶ ಸುಮಾರು 30 ಲೀಟರ್ ಎಂದುಕೊಂಡರೆ 3 ಗ್ರಾಂ ಸಾರ ರಕ್ತಕ್ಕೆ ಸೇರಿ, 48 ತಾಸು ಕರಗದೆ, ಹೊರಹೋಗದೆ ಅಷ್ಟೇ ಮಟ್ಟದಲ್ಲಿ ನಿಲ್ಲಬೇಕು. ಬಾಯಿಂದ ಕುಡಿದದ್ದರಲ್ಲಿ ನೂರಕ್ಕೆ ಒಂದು ಭಾಗ ರಕ್ತ ಸೇರಿದರೂ 300 ಗ್ರಾಂ ಸಾರ ಕುಡಿಯಬೇಕಾಗುತ್ತದೆ, ಅದೂ ಒಂದೇ ಸಲಕ್ಕೆ. ಪ್ಯಾಕ್ಲಿಟ್ಯಾಕ್ಸೆಲ್ ಅದೇ ತಟ್ಟೆಯಲ್ಲಿ ಮಿಲಿಲೀಟರಿಗೆ 0.01 ಮೈಕ್ರೋಗ್ರಾಂನ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ. ವ್ಯತ್ಯಾಸ ಹತ್ತು ಸಾವಿರ ಪಟ್ಟು. ಇಪ್ಪತ್ತು-ಮೂವತ್ತು ಮೈಕ್ರೋಗ್ರಾಂನೊಳಗೆ ಕೆಲಸ ಮಾಡದ ಕಚ್ಚಾ ಸಾರವನ್ನು ಈ ಕ್ಷೇತ್ರದಲ್ಲಿ ಮುಂದಕ್ಕೆ ಒಯ್ಯುವುದಿಲ್ಲ. ಪೇಪರಿನ ಸುದ್ದಿಯಲ್ಲಿ ಈ ಒಂದು ಅಂಕಿ ಇರುವುದೇ ಇಲ್ಲ, ಇರಬೇಕಾಗಿತ್ತು. ಸುದ್ದಿ ಕೊಡುವ ಸಂಶೋಧಕರಿಗೆ ಈ ಜವಾಬ್ದಾರಿ ಇದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಯಾವುದೋ ಹಳ್ಳಿಯಲ್ಲಿ ಕಿಮೋ ಅರ್ಧಕ್ಕೆ ಬಿಡಬೇಕೆಂದು ಕೂತವರು ಅದನ್ನು ಓದುತ್ತಿರುತ್ತಾರೆ.

ಅರಿಷಿಣದ ಕ್ಯಾಪ್ಸೂಲಿಗೂ ಇದೇ ಲೆಕ್ಕ. ಅರಿಷಿಣದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3. ಒಂದು ಚಹಾ ಚಮಚೆ ಪುಡಿ 3 ಗ್ರಾಂ ಎಂದರೆ 90 ಮಿಲಿಗ್ರಾಂ. ಕ್ಯಾನ್ಸರ್ ರೋಗಿಗಳಿಗೆ ಪ್ರಯೋಗವಾಗಿ ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟು ನೋಡಿದ್ದಾರೆ, ಅಡುಗೆಮನೆಯ ಲೆಕ್ಕದಲ್ಲಿ ಅದು ಕಾಲು ಕಿಲೋಗೂ ಹೆಚ್ಚು ಅರಿಷಿಣ. ಅಷ್ಟು ಕೊಟ್ಟರೂ ರಕ್ತದಲ್ಲಿ ಕಂಡದ್ದು ತೀರ ಅಲ್ಪ. ಕರುಳು ಮತ್ತು ಲಿವರು ಅದನ್ನು ಕೂಡಲೇ ಬದಲಿಸಿ ಹೊರಗೆ ತಳ್ಳುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ 1998ರಲ್ಲಿ ತೋರಿಸಿದಂತೆ, 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟರೆ ರಕ್ತ ಸೇರುವ ಪ್ರಮಾಣ ಸುಮಾರು ಇಪ್ಪತ್ತು ಪಟ್ಟು ಏರುತ್ತದೆ. ಅಂಗಡಿಯ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸತ್ವ ಸೇರಿಸುವುದು ಇದೇ ಕಾರಣಕ್ಕೆ.

ಕಿಮೋ ತೆಗೆದುಕೊಳ್ಳುವವರಿಗೆ ತೊಡಕಾಗುವುದೂ ಅಲ್ಲೇ. ಪೈಪರಿನ್ ಕರ್ಕ್ಯುಮಿನ್‌ಗೊಂದಕ್ಕೇ ಬಾಗಿಲು ತೆರೆಯುವುದಿಲ್ಲ. ಔಷಧಿಗಳನ್ನು ಒಡೆಯುವ ಲಿವರಿನ ಕಿಣ್ವಗಳನ್ನು, ಕೋಶದಿಂದ ಔಷಧಿಯನ್ನು ಹೊರಹಾಕುವ ಪಂಪುಗಳನ್ನು ತಡೆಯುವುದು ಅದರ ಸ್ವಭಾವ. ಪ್ಯಾಕ್ಲಿಟ್ಯಾಕ್ಸೆಲ್ ಹೊರಹೋಗಲು ಅದೇ ಗುಂಪಿನ ಕಿಣ್ವ, ಅದೇ ಪಂಪು ಬೇಕು. ನಿಮ್ಮ ತಾಯಿಯವರಿಗೆ ದೇಹದ ವಿಸ್ತೀರ್ಣದ ಮೇಲೆ ಚದರ ಮೀಟರಿಗೆ 80 ಮಿಲಿಗ್ರಾಂನಂತೆ, 1.5 ಚದರ ಮೀಟರಿದ್ದರೆ 120 ಮಿಲಿಗ್ರಾಂ ಎಂದು ಅಳೆದು ಕೊಟ್ಟಿರುತ್ತಾರೆ. ಹೊರಹೋಗುವ ದಾರಿ ಕಟ್ಟಿಕೊಂಡರೆ ಕೊಟ್ಟದ್ದು 120 ಆದರೂ ದೇಹ ಅನುಭವಿಸುವುದು ಅದಕ್ಕಿಂತ ಹೆಚ್ಚು. ಅಳತೆ ಮಾಡಿದ್ದು ವ್ಯರ್ಥವಾಗುತ್ತದೆ, ಜೋಮು ಹೆಚ್ಚಾದರೆ ಯಾವುದರಿಂದ ಎಂದು ಡಾಕ್ಟರಿಗೂ ತಿಳಿಯುವುದಿಲ್ಲ. ಸಾರಿಗೆ ಹಾಕುವ ಅರಿಷಿಣ, ನಾಲ್ಕು ಕಾಳು ಮೆಣಸಿನ ಬಗ್ಗೆ ಹೆದರಬೇಡಿ, ಅಡುಗೆ ಎಂದಿನಂತೆ ನಡೆಯಲಿ. ಕ್ಯಾಪ್ಸೂಲು, ಚಮಚೆಗಟ್ಟಲೆ ಮೆಣಸು ಕುದಿಸಿದ ಕಷಾಯ ಬೇಡ.

ಕಷಾಯದ ಉಳಿದ ಪದಾರ್ಥಗಳಿಗೆ ಬರೋಣ. ಅಮೃತಬಳ್ಳಿ ನಮ್ಮ ಮನೆಮನೆಯ ಬಳ್ಳಿ, ಅದರ ಬಗ್ಗೆ ಕೆಟ್ಟ ಮಾತು ಕೇಳಲು ಯಾರಿಗೂ ಇಷ್ಟವಿಲ್ಲ. ಆದರೆ ಕೋವಿಡ್ ಕಾಲದಲ್ಲಿ ಜನ ದಿನವೂ ಕುಡಿಯತೊಡಗಿದ ಮೇಲೆ ಮುಂಬಯಿಯ ಲಿವರ್ ತಜ್ಞರು 2021ರಲ್ಲಿ ಕಾಮಾಲೆಯಾದ ರೋಗಿಗಳನ್ನು ವರದಿ ಮಾಡಿದರು, ಮರುವರ್ಷ ದೇಶದ 13 ಆಸ್ಪತ್ರೆಗಳಿಂದ ಅಂಥ 43 ರೋಗಿಗಳ ವಿವರ ಬಂತು. ದೇಹದ ರಕ್ಷಣಾ ವ್ಯವಸ್ಥೆ ತನ್ನ ಲಿವರಿನ ಮೇಲೆ ತಾನೇ ತಿರುಗಿಬೀಳುವ ಬಗೆಯ ಉರಿಯೂತ ಅದು. ಆಯುಷ್ ಸಚಿವಾಲಯ ಇದನ್ನು ಒಪ್ಪಿಲ್ಲ, ಬಳ್ಳಿ ಸುರಕ್ಷಿತವೆಂದೇ ಹೇಳಿದೆ. ಆರೋಗ್ಯವಂತರ ಮಟ್ಟಿಗೆ ಆ ಚರ್ಚೆ ನಡೆಯಲಿ. ವಾರವಾರವೂ ಲಿವರಿನ ಮೇಲೆ ಕಿಮೋದ ಭಾರ ಬೀಳುತ್ತಿರುವವರು ಆ ಚರ್ಚೆ ಮುಗಿಯುವವರೆಗೆ ದೂರ ಇರುವುದೇ ಸರಿ.

ಲಕ್ಷ್ಮಣಫಲವನ್ನು ಹನುಮಫಲ ಎಂದೂ ಮಾರುತ್ತಾರೆ. ‘ಕಿಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿ’ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಆ ಮಾತಿನ ಮೂಲ ಮತ್ತೆ ತಟ್ಟೆಯ ಪ್ರಯೋಗವೇ. ಈ ಗಿಡದಲ್ಲಿರುವ ಅಸಿಟೋಜೆನಿನ್ ಎಂಬ ವಸ್ತುಗಳು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾವನ್ನು ನಿಲ್ಲಿಸುತ್ತವೆ. ನರಕೋಶಗಳಿಗೂ ಅದೇ ಶಕ್ತಿಕೇಂದ್ರ ಬೇಕು. ಕೆರೆಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ನಿನಂಥ, ಆದರೆ ಮಾಮೂಲಿ ಔಷಧಿಗೆ ಬಗ್ಗದ ನರರೋಗ ಹೆಚ್ಚಾಗಿ ಕಂಡಾಗ, ಈ ಹಣ್ಣು ಮತ್ತು ಎಲೆಯ ಕಷಾಯದ ಬಳಕೆಯ ಜೊತೆ ಅದರ ನಂಟು 1999ರಲ್ಲಿ ವರದಿಯಾಯಿತು. ಅದೇ ಕಾರಣವೆಂದು ಅಂತಿಮವಾಗಿ ಸಾಬೀತಾಗಿಲ್ಲ. ಆದರೂ ಬೆರಳಿನ ನರಗಳು ಈಗಾಗಲೇ ಸೋತಿರುವವರಿಗೆ ದಿನವೂ ಅದರ ಎಲೆ ಕುದಿಸಿ ಕೊಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಇನ್ನು ಕಪ್ಪತಗುಡ್ಡದ ಬೇರು. ಯಾವ ಬೇರು? ಹೆಸರನ್ನು ಅವರು ನಿಮಗೆ ಹೇಳಿಲ್ಲ, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿದ್ದು ಇದೇ. ಕಪ್ಪತಗುಡ್ಡ ಔಷಧಿ ಸಸ್ಯಗಳ ಗಣಿ ನಿಜ, 2019ರಿಂದ ವನ್ಯಜೀವಿ ಧಾಮ, ಅಲ್ಲಿಂದ ಬೇರು ಕೀಳುವುದಕ್ಕೆ ಕಾನೂನಿನ ತಡೆಯೂ ಇದೆ. ಅಲ್ಲಿಯ ಗಿಡಗಳನ್ನು ಸರಿಯಾಗಿ ಅಧ್ಯಯನ ಮಾಡಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಒಂದೇ ಹೆಸರಿನಲ್ಲಿ ಬೇರೆ ಬೇರೆ ಗಿಡ ಮಾರಾಟವಾಗುತ್ತವೆ. ಶಂಖಪುಷ್ಪಿ ಎಂದರೆ ಒಂದೊಂದು ಸೀಮೆಯಲ್ಲಿ ಒಂದೊಂದು ಗಿಡ. ಒಂದೇ ಗಿಡವಾದರೂ ಮಳೆಗಾಲದ ಬೇರಿಗೂ ಬೇಸಿಗೆಯ ಬೇರಿಗೂ ಸತ್ವ ಒಂದೇ ಇರುವುದಿಲ್ಲ. ಇನ್ನೂ ಗಂಭೀರವಾದದ್ದು ಈಶ್ವರಿ ಬೇರಿನಂಥವು. ಹಾವು ಕಡಿತಕ್ಕೆ ಹೆಸರಾದ ಆ ಬಳ್ಳಿಯ ಕುಲದಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಬೆಲ್ಜಿಯಂನಲ್ಲಿ 1990ರ ದಶಕದಲ್ಲಿ ತೂಕ ಇಳಿಸುವ ಗಿಡಮೂಲಿಕೆಯ ಮಾತ್ರೆಯಲ್ಲಿ ಆ ಕುಲದ ಬೇರು ತಪ್ಪಾಗಿ ಸೇರಿ ಅನೇಕ ಹೆಣ್ಣುಮಕ್ಕಳ ಮೂತ್ರಪಿಂಡಗಳೇ ಹೋದವು, ಮುಂದೆ ಮೂತ್ರನಾಳದ ಕ್ಯಾನ್ಸರೂ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ನಿಮ್ಮ ಪುಡಿಯಲ್ಲಿ ಅದು ಇದೆ ಎಂದು ನಾನು ಹೇಳುತ್ತಿಲ್ಲ. ಇಲ್ಲ ಎಂದು ನಿಮಗೆ ಯಾರು ಹೇಳಬಲ್ಲರು?

‘ಹಾಗಾದರೆ ಅವರ ಹತ್ತಿರ ಹೋದವರು ಗುಣವಾದದ್ದು ಹೇಗೆ?’ ಎಂದು ನಿಮ್ಮ ಮನೆಯಲ್ಲೇ ಯಾರಾದರೂ ಕೇಳುತ್ತಾರೆ. ಅಂಥವರ ಫೈಲು ತರಿಸಿ ನೋಡಿ. ಹೆಚ್ಚಿನವರಿಗೆ ಆಪರೇಷನ್ ಆಗಿರುತ್ತದೆ, ಕಿಮೋ ಒಂದಿಷ್ಟು ಆಗಿರುತ್ತದೆ, ಕಷಾಯ ಕೊನೆಯಲ್ಲಿ ಬಂದು ಹೆಸರು ಪಡೆದಿರುತ್ತದೆ. ಕೆಲವರಿಗೆ ಬಯಾಪ್ಸಿಯೇ ಆಗಿರುವುದಿಲ್ಲ, ಗಂಟು ಕ್ಯಾನ್ಸರೇ ಆಗಿತ್ತೋ ಇಲ್ಲವೋ ತಿಳಿಯದು. ಗುಣವಾಗದೆ ಹೋದವರು ಬಂದು ಸಾಕ್ಷಿ ಹೇಳುವುದಿಲ್ಲ. ಇನ್ನೊಂದು ಕಾರಣವೂ ಇದೆ: ಕೆಲವು ಪುಡಿಗಳಲ್ಲಿ ಗುಟ್ಟಾಗಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ವಾರದೊಳಗೆ ಹಸಿವೆ ಏರುತ್ತದೆ, ನೋವು ಇಳಿಯುತ್ತದೆ, ಮುಖ ತುಂಬಿಕೊಂಡು ‘ಕಳೆ ಬಂತು’ ಅನ್ನಿಸುತ್ತದೆ. ರಕ್ತದ ಸಕ್ಕರೆಯೂ ಏರುತ್ತದೆ, ಸೋಂಕಿನ ಭಯವೂ ಏರುತ್ತದೆ. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ ಎಂಬುದು ನಿಮಗೆ ತಿಳಿದಿರಲಿ.

ಕಿಮೋ ಬಿಟ್ಟು ಬೇರೆ ಚಿಕಿತ್ಸೆಗೇ ಹೋದವರ ಗತಿ ಏನಾಯಿತೆಂಬುದಕ್ಕೆ ಲೆಕ್ಕವಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಕಡೆಗೆ ಹರಡದ ಕ್ಯಾನ್ಸರಿಗೆ ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡ 281 ಜನರನ್ನು, ಆಸ್ಪತ್ರೆಯ ಚಿಕಿತ್ಸೆ ಪಡೆದ ಅಂಥದೇ ರೋಗಿಗಳ ಜೊತೆ ಹೋಲಿಸಿದರು. ಒಟ್ಟಾರೆ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನವರಲ್ಲಿ ಐದೂವರೆ ಪಟ್ಟಿಗೂ ಹೆಚ್ಚು. ಸ್ತನ ಕ್ಯಾನ್ಸರಿನಲ್ಲಿ ವ್ಯತ್ಯಾಸ ಇಷ್ಟು ದೊಡ್ಡದಾಗಿರುವುದಕ್ಕೆ ಕಾರಣ, ಅದಕ್ಕೆ ಆಸ್ಪತ್ರೆಯ ಚಿಕಿತ್ಸೆ ಅಷ್ಟು ಚೆನ್ನಾಗಿ ನಾಟುತ್ತದೆ. ನಿಮ್ಮ ತಾಯಿಯವರಿಗೆ ಆಪರೇಷನ್ ಆಗಿದೆ, ಕೆಂಪು ಕಿಮೋ ಮುಗಿದಿದೆ, ಇನ್ನು ಏಳು ಡೋಸ್ ಬಾಕಿ. ಕಣ್ಣಿಗೆ ಕಾಣದೆ ಉಳಿದಿರಬಹುದಾದ ಕೋಶಗಳಿಗಾಗಿ ಇವು, ಗಂಟು ತೆಗೆದ ಮೇಲೂ ಕೊಡುವುದು ಅದಕ್ಕೇ.

ಜೋಮಿನ ಬಗ್ಗೆ ಮಾಡಬೇಕಾದದ್ದಿದೆ, ಮತ್ತು ಅದು ಕಿಮೋ ಬಿಡುವುದಲ್ಲ. ಕೋಶ ಇಬ್ಭಾಗವಾಗುವಾಗ ಒಳಗೆ ಸೂಕ್ಷ್ಮ ನಳಿಕೆಗಳು ಚಪ್ಪರದ ಗಳಗಳಂತೆ ಎದ್ದು, ಕೆಲಸ ಮುಗಿದ ಮೇಲೆ ಬಿಚ್ಚಿಕೊಳ್ಳುತ್ತವೆ. ವಿನ್‌ಕ್ರಿಸ್ಟಿನ್ ಆ ಗಳ ನಿಲ್ಲದಂತೆ ಮಾಡುತ್ತದೆ, ಪ್ಯಾಕ್ಲಿಟ್ಯಾಕ್ಸೆಲ್ ನಿಂತ ಗಳ ಬಿಚ್ಚದಂತೆ ಮಾಡುತ್ತದೆ. ಎರಡರಲ್ಲೂ ಕೋಶ ನಡುವೆ ಸಿಕ್ಕಿಕೊಂಡು ಸಾಯುತ್ತದೆ. ಇದೇ ನಳಿಕೆಗಳ ಮೂಲಕವೇ ಬೆನ್ನಿನಿಂದ ಬೆರಳ ತುದಿಯವರೆಗಿನ ಉದ್ದ ನರಗಳಲ್ಲಿ ಪೋಷಕಾಂಶ ಸಾಗುವುದು, ಆದ್ದರಿಂದ ಮೊದಲು ಬೆರಳ ತುದಿ, ಅಂಗಾಲು ಜೋಮು ಹಿಡಿಯುತ್ತವೆ. ‘ಗುಂಡಿ ಹಾಕಲು ಬರುವುದಿಲ್ಲ, ರೊಟ್ಟಿ ಬಡಿಯಲು ಬರುವುದಿಲ್ಲ, ಚಪ್ಪಲಿ ಕಾಲಿಂದ ಜಾರಿದ್ದು ತಿಳಿಯುವುದಿಲ್ಲ’ ಎಂದು ಹೀಗೆಯೇ ಕೆಲಸದ ಲೆಕ್ಕದಲ್ಲಿ ಡಾಕ್ಟರಿಗೆ ಹೇಳಿ. ಬರೀ ‘ಜೋಮು’ ಎಂದರೆ ತೀವ್ರತೆ ತಿಳಿಯುವುದಿಲ್ಲ. ಅವರು ಡೋಸ್ ಇಳಿಸಬಹುದು, ಒಂದು ವಾರ ಮುಂದೂಡಬಹುದು, ಅಥವಾ ಬೇರೆ ಔಷಧಿಗೆ ಹೋಗಬಹುದು. ಉರಿ, ನೋವು ಇದ್ದರೆ ಡ್ಯುಲೋಕ್ಸಿಟಿನ್ ಎಂಬ ಮಾತ್ರೆಗೆ ಒಳ್ಳೆಯ ಪುರಾವೆ ಇದೆ. ಔಷಧಿ ನಿಂತ ಮೇಲೆ ತಿಂಗಳುಗಳಲ್ಲಿ ಬಹಳಷ್ಟು ಜನರಿಗೆ ಜೋಮು ಇಳಿಯುತ್ತದೆ, ಕೆಲವರಿಗೆ ಸ್ವಲ್ಪ ಉಳಿಯುತ್ತದೆ. ಅಲ್ಲಿಯವರೆಗೆ ಬಿಸಿ ಹಂಚು, ಒಲೆಯಿಂದ ದೂರವಿಡಿ, ಸುಟ್ಟದ್ದೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ಏನಾದರೂ ಕೊಡಬೇಕೆಂಬ ನಿಮ್ಮ ಹಂಬಲ ಅರ್ಥವಾಗುತ್ತದೆ. ತಿಂಗಳಿಗೆ ಎಂಟು ಸಾವಿರದಲ್ಲಿ ಊಟವನ್ನೇ ಗಟ್ಟಿಮಾಡಿ. ಕಿಮೋ ಸಮಯದಲ್ಲಿ ಕಿಲೋ ತೂಕಕ್ಕೆ 1 ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಂವರೆಗೆ ಪ್ರೋಟೀನ್ ಬೇಕು. 55 ಕಿಲೋ ಇದ್ದರೆ ದಿನಕ್ಕೆ 60ರಿಂದ 80 ಗ್ರಾಂ. ಒಂದು ತತ್ತಿಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6 ಗ್ರಾಂ, 50 ಗ್ರಾಂ ಹೆಸರುಕಾಳು ಅಥವಾ ಶೇಂಗಾದಲ್ಲಿ 12 ಗ್ರಾಂ. ರೊಟ್ಟಿ ಜೊತೆ ಕಾಳುಪಲ್ಯ, ಮೊಸರು, ಶೇಂಗಾ ಚಟ್ನಿ ಇದ್ದರೆ ಅರ್ಧ ದಾರಿ ಬಂದಂತೆ. ಬೂಷ್ಟು ಹಿಡಿದ, ಕಹಿಯಾದ ಶೇಂಗಾ ಮಾತ್ರ ಬೇಡವೇ ಬೇಡ, ಅದರ ಅಫ್ಲಾಟಾಕ್ಸಿನ್ ಲಿವರಿಗೆ ವಿಷ. ಬಿಳಿ ರಕ್ತಕಣ ಇಳಿದ ವಾರಗಳಲ್ಲಿ ಹಸಿ ಮೆಂತೆ, ಹಸಿ ಉಳ್ಳಾಗಡ್ಡಿ, ಗಜ್ಜರಿ ಪಚಡಿ ಬದಿಗಿಟ್ಟು ಬೇಯಿಸಿದ್ದನ್ನೇ ಕೊಡಿ. ಗೋಧಿ ಹುಲ್ಲಿನ ಹಸಿ ರಸವೂ ಬೇಡ, ಮಣ್ಣಿನ ಸೂಕ್ಷ್ಮಜೀವಿಗಳು ಅದರ ಜೊತೆಗೇ ಬರುತ್ತವೆ.

ಮನೆಯಲ್ಲಿ ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಮುಟ್ಟಿತೆಂದರೆ ಗುಳಿಗೆ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಹುಬ್ಬಳ್ಳಿ ದೂರವಾದರೆ ಮೊದಲು ಗದಗಿನ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್‌ಗೆ ಹೋಗಿ, ‘ಕಿಮೋ ನಡೆದಿದೆ, ಜ್ವರ ಬಂದಿದೆ’ ಎಂದು ಮೊದಲ ಮಾತಿನಲ್ಲೇ ಹೇಳಿ, ಕಿಮೋ ಚೀಟಿ ತೋರಿಸಿ. ಆಂಟಿಬಯಾಟಿಕ್ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, ಇಲ್ಲಿ ತಾಸುಗಳ ಲೆಕ್ಕ.

ಆಯುರ್ವೇದ ಬೇಕೇ ಬೇಕು ಎಂದು ಮನೆಯವರ ಒತ್ತಾಯವಿದ್ದರೆ ಅದಕ್ಕೂ ದಾರಿಯಿದೆ. ಪದವೀಧರ ಆಯುರ್ವೇದ ವೈದ್ಯರನ್ನು, ಕಿಮೋ ಪೂರ್ತಿ ಮುಗಿದ ಮೇಲೆ, ಕ್ಯಾನ್ಸರ್ ಡಾಕ್ಟರಿಗೆ ತಿಳಿಸಿ ನೋಡಿ. ಪ್ರತಿ ಔಷಧಿಯ ಹೆಸರು ಬರೆದ ಚೀಟಿ ಕೇಳಿ, ಲೇಬಲ್ಲಿನ ಮೇಲೆ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಇರಲಿ. ಪಾದರಸ, ಸೀಸದ ಭಸ್ಮವಿರುವ ಔಷಧಿ ಬೇಡ. ಶುರುಮಾಡುವ ಮುಂಚೆ ಒಮ್ಮೆ, ತಿಂಗಳಾದ ಮೇಲೆ ಒಮ್ಮೆ ಲಿವರಿನ ಪರೀಕ್ಷೆ ಆಗಲಿ, ಅದರಲ್ಲಿ ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವದ ಅಂಕಿ ಮಾಮೂಲಿನ ಮೂರು ಪಟ್ಟು ಮೀರಿದರೆ ಅಲ್ಲಿಗೇ ನಿಲ್ಲಿಸಿ. ಹೊಸ ಗಿಡಮೂಲ ಔಷಧಿಯ ಪ್ರಯೋಗ ಎಂದು ಯಾರಾದರೂ ಕರೆದರೆ, ಅದು ಭಾರತದ ಕ್ಲಿನಿಕಲ್ ಟ್ರಯಲ್ಸ್ ನೋಂದಣಿಯಲ್ಲಿ, ಅಂದರೆ ಸಿಟಿಆರ್‌ಐನಲ್ಲಿ, ದಾಖಲಾಗಿದೆಯೇ ಕೇಳಿ, 2009ರಿಂದ ಅದು ಕಡ್ಡಾಯ. ಕನ್ನಡದಲ್ಲೇ ಒಪ್ಪಿಗೆಪತ್ರ ಕೊಡಬೇಕು, ಪ್ರಯೋಗದ ಔಷಧಿಗೆ ಹಣ ಕೇಳಿದರೆ ಎದ್ದು ಬನ್ನಿ.

ರಿಪೋರ್ಟಿನಲ್ಲಿ ಇಆರ್ ಪಾಸಿಟಿವ್, ಅಂದರೆ ಈಸ್ಟ್ರೊಜೆನ್ ಹಾರ್ಮೋನಿನ ಬಲದಿಂದ ಬೆಳೆಯುವ ಬಗೆಯ ಕ್ಯಾನ್ಸರ್, ಎಂದಿರುವುದರಿಂದ ಕಿಮೋ ಮುಗಿದ ಮೇಲೆ ಐದು ವರ್ಷ ಅಥವಾ ಅದಕ್ಕೂ ಹೆಚ್ಚು ದಿನಕ್ಕೊಂದು ಹಾರ್ಮೋನ್ ಮಾತ್ರೆ ಬರುತ್ತದೆ, ಲೆಟ್ರೊಜೋಲ್ ಅಥವಾ ಟಮೋಕ್ಸಿಫೆನ್. ಕಿಮೋ ಮುಗಿಯಿತು, ಇನ್ನು ಅರಿಷಿಣದ ಕ್ಯಾಪ್ಸೂಲ್ ಕೊಡಬಹುದು ಎಂದುಕೊಳ್ಳಬೇಡಿ. ಟಮೋಕ್ಸಿಫೆನ್ ಲಿವರಿನಲ್ಲಿ ಎಂಡಾಕ್ಸಿಫೆನ್ ಆಗಿ ಬದಲಾದಾಗಲೇ ಅದರ ನಿಜವಾದ ಕೆಲಸ. ನೆದರ್ಲೆಂಡ್ಸ್‌ನಲ್ಲಿ ಸ್ತನ ಕ್ಯಾನ್ಸರಿನ ರೋಗಿಗಳಿಗೆ ಕರ್ಕ್ಯುಮಿನ್ ಮತ್ತು ಪೈಪರಿನ್ ಜೊತೆಯಾಗಿ ಕೊಟ್ಟು ಅಳೆದಾಗ ರಕ್ತದಲ್ಲಿ ಎಂಡಾಕ್ಸಿಫೆನ್ ಇಳಿದಿತ್ತು. ಕಷಾಯದ ಪುಡಿಯ ಪ್ಯಾಕೆಟ್ಟನ್ನು, ಕ್ಯಾಪ್ಸೂಲಿನ ಡಬ್ಬಿಯನ್ನು ಬಿಸಾಡದೆ ಆರನೆಯ ಡೋಸಿನ ದಿನ ಚೀಲದಲ್ಲಿ ಹಾಕಿಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ.